ಇಲ್ಲಿ ಏನೂ ಇರಲಿಲ್ಲ

ನಮ್ಮಪ್ಪನ ಎರಡು ಪಕ್ಕೆಲುಬು ಮುರಿಯುವಾಗ ನಾನು ಐವತ್ತು ಹೆಜ್ಜೆ ಆಚೆ ಬೇವಿನ ಗಿಡಕ್ಕೆ ಟೇಪು ಸುತ್ತಿಕೊಂಡು ನಿಂತಿದ್ದೆ. ಎದೆಮಟ್ಟಕ್ಕೆ ಸುತ್ತಳತೆ ತೊಂಬತ್ತೊಂದು ಸೆಂಟಿಮೀಟರ್. ಬರೆದುಕೊಂಡೆ. ಅಷ್ಟರಲ್ಲಿ ಅಪ್ಪನ ದನಿ ಕೇಳಿತು. ನನ್ನನ್ನು ಕರೆದದ್ದಲ್ಲ, ಕುರಿ ಕರೆಯುತ್ತಿದ್ದ. ಮೈಮೇಲೆ ಬಡಿಗೆ ಬೀಳುತ್ತಿದ್ದರೂ ಆ ಮನುಷ್ಯ ಹಿಂಡನ್ನು ಬೇಲಿಯಾಚೆ ದಾಟಿಸಲು ನೋಡುತ್ತಿದ್ದ.

ಹೊಡೆದವರು ಕಂಪನಿಯ ಕಾವಲುಗಾರರು. ನಾಲ್ಕು ಜನ. ನಾನೂ ಅದೇ ಕಂಪನಿಯ ಅನ್ನ ತಿನ್ನುವವಳು. ಅವರದೂ ಹಸಿರು ಅಂಗಿ, ನನ್ನದೂ ಹಸಿರು ಅಂಗಿ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ.

ನಾನು ಓಡಿ ಹೋಗುವಷ್ಟರಲ್ಲಿ ಅಪ್ಪ ಬೋರಲು ಬಿದ್ದಿದ್ದ. ಒಬ್ಬ ಅವನ ಕುತ್ತಿಗೆಯ ಮೇಲೆ ಬೂಟು ಇಟ್ಟಿದ್ದ. ಅಪ್ಪನ ಬಾಯಿಗೆ ಮಣ್ಣು ಹೊಕ್ಕಿತ್ತು.

"ಯಾಕ ಹೊಡಿಯಾಕತ್ತೀರಿ? ನಮ್ಮಪ್ಪ ಅದಾನ ಅಂವ!" ಅಂದೆ.

"ನಿಮ್ಮಪ್ಪ ಆದ್ರೇನು, ನಿಮ್ಮಜ್ಜ ಆದ್ರೇನು? ಬೇಲಿ ಒಳಗ ಕುರಿ ಹೊಡದಾನ," ಅಂದ ಅವನು. ಬೂಟು ತೆಗೆಯಲಿಲ್ಲ.

ಬೇಲಿಯ ಒಳಗೆ ನೀರಿನ ಹೊಂಡ ಇತ್ತು. ಹೊರಗೆ ಏಪ್ರಿಲ್ ಬಿಸಿಲು. ಕುರಿಗಳಿಗೆ ನೀರಿನ ವಾಸನೆ ಬಡಿಯಿತು, ತಂತಿ ಸಡಿಲಿದ್ದ ಕಡೆ ನುಗ್ಗಿದವು. ನಡೆದದ್ದು ಇಷ್ಟೇ. ಅರವತ್ತೆಂಟು ಕುರಿ. ಅಷ್ಟನ್ನೂ ಹೊಡೆದುಕೊಂಡು ಹೋಗಿ ಕಂಪನಿಯ ತಗಡಿನ ಶೆಡ್ಡಿನಲ್ಲಿ ಕೂಡಿ ಬೀಗ ಜಡಿದರು. ಅಂದು ಶುಕ್ರವಾರ, ಮಧ್ಯಾಹ್ನ.

ನಮ್ಮದು ಸುರಪುರದಿಂದ ಕಕ್ಕೇರಾಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕಿರುವ ಇಪ್ಪತ್ತೆರಡು ಮನೆಯ ಓಣಿ. ಎಲ್ಲರೂ ಕುರಿ ಕಾಯುವವರು. ಅಪ್ಪನ ಹೆಸರು ಮಲ್ಕಪ್ಪ, ಅವ್ವ ಭೀಮವ್ವ, ನಾನು ಸುಕನ್ಯಾ. ಓಣಿಯ ಹಿಂದೆ ಗಾಯರಾಣ ಇದೆ. ಊರ ದನಕುರಿ ಮೇಯಲೆಂದು ಬಿಟ್ಟ ಸರ್ಕಾರಿ ನೆಲ ಅದು. ನಮ್ಮ ಮುತ್ತಜ್ಜನ ಕಾಲಕ್ಕೆ ಅಲ್ಲಿ ಬರೀ ಗರಸು, ಕಲ್ಲು.

ಸುಗ್ಗಿ ಮುಗಿದ ಮೇಲೆ ರೈತರು ಕುರಿಗಾರರನ್ನು ಕರೆದು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ತರುಬುವುದು ಎಂದರೆ ಹಿಂಡನ್ನು ಆ ನೆಲದಲ್ಲೇ ಮಲಗಿಸುವುದು. ಹಿಕ್ಕಿ ಬೀಳುತ್ತದೆ, ಉಚ್ಚೆ ಬೀಳುತ್ತದೆ, ಸತ್ತ ಮಣ್ಣಿಗೆ ಜೀವ ಬರುತ್ತದೆ. ಯಾರೂ ಕರೆಯದ ತಿಂಗಳುಗಳಲ್ಲಿ ನಮ್ಮವರು ಗಾಯರಾಣದಲ್ಲಿ ತರುಬಿದರು. ಕುರಿ ತಿಂದ ಜಾಲಿಕಾಯಿ, ಬಾರಿಹಣ್ಣು ಹಿಕ್ಕಿಯೊಳಗಿಂದಲೇ ಮೊಳೆತವು. ಹಿಂದೆಯೇ ಬೇವು ಬಂತು, ಬನ್ನಿ ಬಂತು. ಮೂರು ತಲೆಮಾರಿನ ಹಿಕ್ಕಿಯ ಮೇಲೆ ಅಲ್ಲಿ ಎರಡು ಸಾವಿರದ ಚಿಲ್ಲರೆ ಗಿಡ ನಿಂತಿವೆ. ಒಂದೊಂದನ್ನೂ ನಾನೇ ಎಣಿಸಿದ್ದೇನೆ, ಕಂಪನಿಗೋಸ್ಕರ.

ಕಂಪನಿಯ ಹೆಸರು ಹಸಿರುಶ್ವಾಸ. ಅದರ ಮ್ಯಾನೇಜರ್ ಸುಧನ್ವ, ಬೆಂಗಳೂರಿನವನು. ಎರಡು ವರ್ಷದ ಹಿಂದೆ ಬಂದು ನಮ್ಮ ಕಂಬಳಿಯ ಮೇಲೆ ಕೂತ. ಅವ್ವ ಮಜ್ಜಿಗೆ ಕೊಟ್ಟಳು. ಕುಡಿದ.

"ನೋಡಿ ಯಜಮಾನ್ರೇ, ಎಲ್ಲೋ ದೂರದಲ್ಲಿ ಒಂದು ಸಿಮೆಂಟ್ ಫ್ಯಾಕ್ಟರಿ ಹೊಗೆ ಬಿಡುತ್ತೆ. ಗಿಡ ಆ ಹೊಗೆ ಕುಡಿಯುತ್ತೆ. ಈಗ ಹೊಗೆಗೂ ಬೆಲೆ ಕಟ್ತಾ ಇದಾರೆ. ನಮ್ಮ ಗಿಡ ಎಷ್ಟು ಕುಡಿಯುತ್ತೋ ಅಷ್ಟಕ್ಕೆ ಫ್ಯಾಕ್ಟರಿಯವರು ದುಡ್ಡು ಕೊಡ್ತಾರೆ. ನಾವು ಇಲ್ಲಿ ಮಣ್ಣು ಸುಧಾರಿಸಿ ಗಿಡ ಬೆಳೆಸ್ತೀವಿ. ನಲವತ್ತು ವರ್ಷದ ಒಪ್ಪಂದ," ಅಂದ.

ಅಪ್ಪನ ಮುಖ ಅರಳಿತು. ನಮ್ಮ ಬದುಕಿನಲ್ಲಿ ಮಣ್ಣಿನ ಮಾತು ಹಿಡಿದು ಕುರಿಗಾರನ ಮನೆಗೆ ಬಂದವನು ಒಂದೇ ಕೆಲಸಕ್ಕೆ ಬಂದಿರುತ್ತಾನೆ, ಕುರಿ ತರುಬಲು ಕರೆಯುವುದಕ್ಕೆ. ಅಪ್ಪ ಹಾಗೇ ತಿಳಿದ. ಗೊಬ್ಬರ ಬೇಕು, ಗಿಡಕ್ಕೆ ಕುರಿ ಬೇಕು, ಅದೂ ನಲವತ್ತು ವರ್ಷ!

"ಎಷ್ಟ ಹಿಂಡ ತರುಬಬೇಕ್ರಿ ಸಾಹೇಬ್ರ?" ಅಂದ.

ಸುಧನ್ವ ಒಂದು ಗಳಿಗೆ ಅಪ್ಪನ ಮುಖ ನೋಡಿದ. ಅಪ್ಪ ಏನು ತಿಳಿದಿದ್ದಾನೆ ಎಂಬುದು ಅವನಿಗೆ ಅರ್ಥವಾಯಿತು. ನಾನು ಕಣ್ಣಾರೆ ಕಂಡೆ, ಅರ್ಥವಾಯಿತು. ಆದರೂ ಬಾಯಿ ಬಿಡಲಿಲ್ಲ ಬದ್ಮಾಶ್.

"ನಿಮ್ಮ ಕುರಿ ವಿಷಯ ಎಲ್ಲ ನಾವು ನೋಡ್ಕೋತೀವಿ," ಅಂದ.

ಕುರಿ ತರುಬುವ ಮಾತಾದರೆ ನಮ್ಮಲ್ಲಿ ಇಬ್ಬರೂ ಮಲ್ಲಯ್ಯ ದೇವರ ಅರಿಸಿನ, ಭಂಡಾರ ಮುಟ್ಟುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಕಾಗದ ಯಾರೂ ಕೇಳುವುದಿಲ್ಲ. ಅಪ್ಪ ಚೀಲದಿಂದ ಭಂಡಾರ ತೆಗೆದು ಸುಧನ್ವನ ಹಣೆಗೆ ಹಚ್ಚಿದ. ಅವನು ತಲೆ ಬಗ್ಗಿಸಿ ಹಚ್ಚಿಸಿಕೊಂಡ. ಆಮೇಲೆ ಹನ್ನೊಂದು ಹಾಳೆಯ ಇಂಗ್ಲಿಷ್ ಕಾಗದಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದ. ಹಿರಿಯ ಮಲ್ಕಪ್ಪ ಒತ್ತಿದನೆಂದು ಇಪ್ಪತ್ತೆರಡು ಮನೆಯೂ ಒತ್ತಿದವು. ನಾನು ಪಿಯುಸಿ ಓದಿದವಳು. ಮೊದಲ ಹಾಳೆ ಓದಿದೆ. ಅಷ್ಟರಲ್ಲಿ ಸುಧನ್ವ ನನಗೆ ಕೆಲಸ ಕೊಡುತ್ತೇನೆ ಅಂದ. ಉಳಿದ ಹತ್ತು ಹಾಳೆ ಓದಲಿಲ್ಲ. ಕುರಿ ಒಳಗೆ ಕಾಲಿಡಬಾರದು ಎಂದು ಬರೆದದ್ದು ಏಳನೆಯ ಹಾಳೆಯಲ್ಲಿ.

ಮೂರು ತಿಂಗಳಿಗೆ ತಂತಿ ಬೇಲಿ ಬಂತು. ಹೊಂಡ ಒಳಗೆ ಹೋಯಿತು. ಕುರಿ ಹೊರಗೆ ಉಳಿದವು.

ಶನಿವಾರ ಅಪ್ಪ ಶಹಾಪುರದಲ್ಲಿ ಎಕ್ಸರೇ ತೆಗೆಸಿಕೊಂಡು, ಎದೆಗೆ ಪಟ್ಟಿ ಸುತ್ತಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಉಸಿರಾಡಿದರೆ ನೋವು. ಮಾತಾಡಿದರೆ ನೋವು. ಆದರೂ ಒಂದೇ ಮಾತು: "ಕುರಿಗಿ ನೀರ ಹಾಕ್ಯಾರಾ?" ಅವ್ವ ಎರಡು ಕೊಡ ಹೊತ್ತು ಶೆಡ್ಡಿಗೆ ಹೋದಳು. ಕಾವಲುಗಾರರು ಕೊಡಕ್ಕೆ ಒದ್ದರು. ಒಡೆದ ಕೊಡದ ಚೂರು ಹೊಕ್ಕು ಅವಳ ಮೊಣಕಾಲು ಸೀಳಿತು. ಕುರಿ ಒದರುವುದು ಕೇಳುತ್ತಿತ್ತು ಅಂದಳು. ಠಾಣೆಗೆ ಹೋದರೆ, ಮೊದಲು ಕಂಪನಿಯವರ ದೂರು ಬಂದಿದೆ, ನಿಮ್ಮದು ಆಮೇಲೆ ನೋಡೋಣ ಅಂದರು.

ಸಂಜೆ ಸುಧನ್ವ ಜೀಪಿನಲ್ಲಿ ಬಂದ. ಈ ಸಲ ಕೂರಲಿಲ್ಲ.

"ನಾಳೆ ದಿಲ್ಲಿಯಿಂದ ಮೇಡಂ ತಪಾಸಣೆಗೆ ಬರ್ತಾ ಇದಾರೆ. ಅವರು ಒಪ್ಪಿದ್ರೇ ನಮಗೆ ದುಡ್ಡು. ಹೊಸ ಗಿಡಕ್ಕೆ ಮಾತ್ರ ಬೆಲೆ, ಮೊದಲೇ ಇದ್ದ ಗಿಡಕ್ಕೆ ಯಾರೂ ಒಂದು ಕಾಸೂ ಕೊಡಲ್ಲ. ನೀವು ಮೂರೇ ಮಾತು ಹೇಳಬೇಕು. ಇಲ್ಲಿ ಏನೂ ಇರಲಿಲ್ಲ. ಗಿಡ ಎಲ್ಲ ಕಂಪನಿಯವರು ಹಚ್ಚಿದ್ರು. ನಾವು ಖುಷಿಯಿಂದ ಕುರಿ ಮೇಯಿಸೋದು ಬಿಟ್ವಿ. ಅಷ್ಟು ಹೇಳಿ, ಬೀಗ ತೆಗೀತೀವಿ."

"ಇಲ್ಲಂದ್ರ?" ಅಂದಳು ಅವ್ವ.

"ಇಲ್ಲಾಂದ್ರೆ ಕುರಿಗಳು ಕೇಸಿಗೆ ಸೇರುತ್ತೆ. ಕೋರ್ಟ್ ಬಿಡೋವರೆಗೆ ಅಲ್ಲೇ."

ಅಪ್ಪ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಎದ್ದು ನಿಂತ. "ನೀರ ಹಾಕೀರೇನ್ರಿ ಅವಕ್ಕ?"

"ಹಾಕಿದೀವಿ ಯಜಮಾನ್ರೇ. ಮೇವೂ ಹಾಕಿದೀವಿ. ಚೆನ್ನಾಗಿವೆ."

ಅಪ್ಪ ತಲೆ ಅಲ್ಲಾಡಿಸಿದ. ಒಪ್ಪಿದ. ಅವ್ವ ಅವನ ಕಡೆ ನೋಡಲಿಲ್ಲ. ಅರವತ್ತೆಂಟು ಕುರಿಯಲ್ಲಿ ಹದಿನಾಲ್ಕು ಗಬ್ಬ ಇದ್ದವು. ಹಿಂಡು ಹೋದರೆ ನಾವು ಪುಣೆಗೆ ಇಟ್ಟಿಗೆ ಹೊರಲು ಹೋಗಬೇಕು. ಅಪ್ಪ ಮಾಡಿದ್ದು ತಪ್ಪು ಅನ್ನುವ ಧೈರ್ಯ ನನಗೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೇಲಿಯ ಒಳಗೆ ಶಾಮಿಯಾನ ಹಾಕಿದ್ದರು. ಓಣಿಯ ಜನರನ್ನು ಅಂದು ಮಾತ್ರ ಒಳಗೆ ಬಿಟ್ಟರು. ಬಿಸಿಲಿಗೆ ನೆಲದ ಮೇಲೆ ಕೂರಿಸಿದರು. ವೇದಿಕೆಯ ಮೇಲೆ ಫ್ಯಾನು. ದಿಲ್ಲಿಯ ಮೇಡಂ, ಸುಧನ್ವ, ಇಬ್ಬರು ಮುಖಂಡರು. ನೀಲಕಂಠಪ್ಪಗೌಡ ಒಂದು ಪಕ್ಷ, ಚೇತನಕುಮಾರ ಇನ್ನೊಂದು ಪಕ್ಷ. ಚುನಾವಣೆ ಹತ್ತಿರ ಇತ್ತು. ಜನ ಸೇರಿದ ಕಡೆ ಇಬ್ಬರಿಗೂ ಮೈಕು ಬೇಕು.

"ಹೊಗೆಗೆ ಬೆಲೆ ಕಟ್ಟಲೇಬೇಕ್ರಿ!" ಅಂತ ನೀಲಕಂಠಪ್ಪಗೌಡ ಶುರು ಮಾಡಿದ. "ಹೊಲಸು ಮಾಡ್ದಂವ ತೆರಬೇಕು. ಇದು ನ್ಯಾಯ. ನಮ್ಮ ಗಾಯರಾಣದ ಗಾಳಿ ಇವತ್ತ ಪರದೇಶಕ್ಕ ಮಾರಾಟ ಆಗಾಕತ್ತದ. ನಿಮ್ಮ ಓಣಿಗೆ ಭಾಗ್ಯ ಬಂದದ!"

ಚೇತನಕುಮಾರ ಮೈಕು ಕಸಿದುಕೊಂಡ. "ಯಾರ ಭಾಗ್ಯ? ಹೊಗೆಗೆ ಬೆಲೆ ಕಟ್ಟೂದು ಅಂದ್ರ ಡೀಸೆಲ್ಲಿಗೆ ಬೆಲೆ ಕಟ್ಟೂದು, ಕರೆಂಟಿಗೆ ಬೆಲೆ ಕಟ್ಟೂದು! ಪರದೇಶದವ್ರು ನೂರು ವರ್ಷ ಹೊಗೆ ಬಿಟ್ಟು ಶ್ರೀಮಂತ ಆದ್ರು. ಈಗ ನಮ್ಮ ಒಲಿ ಆರಸಾಕ ಬಂದಾರ!"

ಒಂದು ಕಡೆ ಚಪ್ಪಾಳೆ. ಇನ್ನೊಂದು ಕಡೆ ಶಿಳ್ಳೆ. ಇವನು ಕಾನೂನು ಅಂದ, ಅವನು ಕರ ಅಂದ. ಇವನು ಭೂಮಿ ಕಾದೈತಿ ಅಂದ, ಅವನು ಹೊಟ್ಟಿ ಕಾದೈತಿ ಅಂದ. ಕೇಳಲು ಚೆನ್ನಾಗಿತ್ತು. ಗಾಯರಾಣವನ್ನು ಕಂಪನಿಗೆ ಕೊಡಿಸಿದವನು ನೀಲಕಂಠಪ್ಪಗೌಡ. ಅದಕ್ಕೆ ತಂತಿ ಬೇಲಿ ಹಾಕುವ ಗುತ್ತಿಗೆ ಹಿಡಿದವನು ಚೇತನಕುಮಾರನ ಅಣ್ಣ. ಹೊಗೆಯ ಬೆಲೆ ಎಷ್ಟಿರಬೇಕು ಎಂದು ಅವರು ಅರ್ಧ ತಾಸು ಕಚ್ಚಾಡಿದರು. ಎಪ್ಪತ್ತು ಹೆಜ್ಜೆ ಆಚೆ ತಗಡಿನ ಕೆಳಗೆ ಬೇಯುತ್ತಿರುವ ಜೀವಗಳ ಸುದ್ದಿ ಇಬ್ಬರ ಬಾಯಲ್ಲೂ ಬರಲಿಲ್ಲ.

ನಮ್ಮ ಓಣಿಯ ದೇವಕ್ಕ ಎದ್ದು ನಿಂತಳು. ಅರವತ್ತು ದಾಟಿದ ಮುದುಕಿ.

"ಗೌಡ್ರ, ನಿಮ್ಮ ಹೊಗಿ ಆಮ್ಯಾಲ ಮಾರ್ರಿ. ಮೊದ್ಲ ಮಲ್ಕಪ್ಪನ ಕುರಿ ಬಿಡ್ರಿ!"

ಇಬ್ಬರು ಕಾವಲುಗಾರರು ಬಂದು ಅವಳ ಹೆಗಲು ಅದುಮಿ ಕೂರಿಸಿದರು. ಕೂರದಿದ್ದಾಗ ಜಡೆ ಹಿಡಿದು ಎಳೆದರು. ಸೆರಗು ಜಾರಿತು. ಯಾರೋ ನಕ್ಕರು. ವೇದಿಕೆಯ ಮೇಲೆ ಇದ್ದವರು ಆ ಕಡೆ ನೋಡಿ ಮತ್ತೆ ಮೇಡಂ ಕಡೆ ನೋಡಿದರು.

ಅಪ್ಪನನ್ನು ಮೇಲೆ ಕರೆದರು. ಪಟ್ಟಿ ಕಾಣಬಾರದೆಂದು ಅವನಿಗೆ ಹೊಸ ಅಂಗಿ ತೊಡಿಸಿದ್ದರು. ಕಂಪನಿಯ ಒಬ್ಬ ಮೊಬೈಲು ಹಿಡಿದು ವಿಡಿಯೋ ತೆಗೆಯುತ್ತಿದ್ದ. ಮೇಡಂ ಹಿಂದಿಯಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಅಪ್ಪನಿಗೆ ಹೇಳಬೇಕು, ಅಪ್ಪ ಹೇಳಿದ್ದನ್ನು ತಿರುಗಿ ಹಿಂದಿಗೆ ಹಾಕಬೇಕು. ನಾನು ಪಕ್ಕದ ಮನೆಯ ಖಾಸಿಂಬೀ ಚಾಚಿಯ ಮಡಿಲಲ್ಲಿ ಆಡಿ ಬೆಳೆದವಳು. ನನ್ನ ಹಿಂದಿ ಅವಳ ಅಡುಗೆಮನೆಯದು.

"ಕಂಪನಿ ಬರೂಕಿಂತ ಮೊದ್ಲ ಇಲ್ಲಿ ಏನಿತ್ತು ಅಂತ ಕೇಳ್ಯಾರ, ಯಪ್ಪಾ," ಅಂದೆ.

ಅಪ್ಪ ಗಿಡಗಳ ಕಡೆ ನೋಡಿದ. ತನ್ನ ಅಪ್ಪ ತರುಬಿದ ಜಾಗ, ತನ್ನ ಅಜ್ಜ ತರುಬಿದ ಜಾಗ. ಕಲಿಸಿದ ಮಾತನ್ನು, ಕಲಿಸಿದ ಭಾಷೆಯಲ್ಲೇ ಹೇಳಿದ.

"ಇಲ್ಲಿ ಏನೂ ಇರಲಿಲ್ಲ."

ಮೇಡಂ ನನ್ನ ಮುಖ ನೋಡಿದಳು. ಹಿಂದಿಯಲ್ಲಿ ಅದು ನಾಲ್ಕು ಶಬ್ದದ ಮಾತು, ಅಷ್ಟೇ. ಹೇಳಿಬಿಟ್ಟರೆ ಬೀಗ ತೆಗೆಯುತ್ತಾರೆ.

"ಸುಕನ್ಯಾ, ಹೇಳಮ್ಮಾ," ಅಂದ ಸುಧನ್ವ. ನಗುತ್ತಲೇ ನನ್ನ ರಟ್ಟೆ ಹಿಡಿದು ಹಿಂಡಿದ.

ನಾನು ಆ ಗಿಡಗಳಿಗೆ ಒಂದೊಂದಕ್ಕೂ ಕೈಯಿಂದ ನಂಬರು ಬರೆದವಳು. ತೊಂಬತ್ತೊಂದು ಸೆಂಟಿಮೀಟರಿನ ಬೇವು ಎರಡು ವರ್ಷದಲ್ಲಿ ಬೆಳೆಯುತ್ತದೆಯೇ? ಯಾಕೆ ಹೇಳಲಿ? ನಮ್ಮನ್ನು ಹೊಡೆದದ್ದು ಸಾಲದೆ, ನಾವು ಹುಟ್ಟೇ ಇರಲಿಲ್ಲ ಎಂದು ನಮ್ಮ ಬಾಯಿಂದಲೇ ಹೇಳಿಸುತ್ತಾರಾ?

"ಝೂಟ್ ಬೋಲ್ರೈ ಮೇಡಂ ಮೇರಾ ಬಾಪ್," ಅಂದೆ. "ಡರ್ ಕು ಬೋಲ್ರೈ."

ನಮ್ಮಪ್ಪ ಸುಳ್ಳು ಹೇಳುತ್ತಿದ್ದಾನೆ, ಹೆದರಿ ಹೇಳುತ್ತಿದ್ದಾನೆ ಅಂದೆ. ಮೈಕಿನಲ್ಲಿ ಅಂದೆ. ಗಿಡ ನಮ್ಮವು, ಕುರಿ ಹಿಕ್ಕಿಯಿಂದ ಬೆಳೆದವು, ಇವರು ಹಚ್ಚಿದ ಸಸಿ ಎಲ್ಲ ಒಣಗಿ ಹೋದವು ಅಂದೆ. ಅಪ್ಪನ ಅಂಗಿ ಎತ್ತಿ ಪಟ್ಟಿ ತೋರಿಸಿದೆ. ನೋಡು, ಎರಡು ಎಲುಬು, ಇವರೇ ಮುರಿದದ್ದು ಅಂದೆ. ಕುರಿಗಳನ್ನು ಕೂಡಿಹಾಕಿ ಈ ಮಾತು ಹೇಳಿಸುತ್ತಿದ್ದಾರೆ ಅಂದೆ.

ದಿಲ್ಲಿಯ ಹಿಂದಿ ತಿಳಿಯದಿದ್ದರೂ ಅಪ್ಪನಿಗೆ ಖಾಸಿಂಬೀ ಚಾಚಿಯ ಮಾತು ಚೆನ್ನಾಗಿ ತಿಳಿಯುತ್ತದೆ. ಕೈಯೆತ್ತಿ ನನ್ನ ಕೆನ್ನೆಗೆ ಬಾರಿಸಿದ. ನನ್ನ ತುಟಿ ಒಡೆಯಿತು.

"ನನ್ನ ಕುರಿ ಕೊಂದೆಲ್ಲೇ, ರಂಡೇ!" ಅಂತ ಚೀರಿದ. ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಮಾಡದ ಮನುಷ್ಯ. ಹೊಡೆದ ನೋವಿಗೆ ತಾನೇ ಎದೆ ಹಿಡಿದುಕೊಂಡು ಬಗ್ಗಿದ. "ಸಾಹೇಬ್ರ, ಆಕಿ ಮಾತ ಕೇಳಬ್ಯಾಡ್ರಿ. ಹುಡುಗಿ, ತಿಳೀಲಾರದ ಮಾತಾಡ್ಯಾಳ. ಇಲ್ಲಿ ಏನೂ ಇರಲಿಲ್ಲ! ಏನೂ ಇರಲಿಲ್ಲ!"

ಆಗ ಅವ್ವ ಬಂದಳು.

ಸಭೆಗೆ ಅವಳು ಬಂದೇ ಇರಲಿಲ್ಲ. ಕಾವಲುಗಾರರೆಲ್ಲ ಸಭೆಯ ಕಡೆ ಇದ್ದಾಗ ಕೊಡಲಿ ಹಿಡಿದು, ಖಾಸಿಂಬೀ ಚಾಚಿಯನ್ನು ಕರೆದುಕೊಂಡು ಶೆಡ್ಡಿಗೆ ಹೋಗಿದ್ದಳು. ಬೀಗ ಒಡೆದಿದ್ದಳು. ಈಗ ಒಂದು ಗಬ್ಬದ ಕುರಿಯ ಹಿಂಗಾಲು ಹಿಡಿದು ದರದರ ಎಳೆದುಕೊಂಡು ಬರುತ್ತಿದ್ದಳು. ಕುರಿಯ ಹೊಟ್ಟೆ ಉಬ್ಬಿತ್ತು. ನಾಲಿಗೆ ಕಪ್ಪಾಗಿತ್ತು. ಕಣ್ಣಲ್ಲಿ ನೊಣ. ವಾಸನೆಗೆ ಮುಂದೆ ಕೂತವರು ಮೂಗು ಮುಚ್ಚಿಕೊಂಡು ಸರಿದರು.

"ಹತ್ತೊಂಬತ್ತ ಅಷ್ಟ ಜೀವಂತ ಉಳದಾವ!" ಅಂದಳು ಅವ್ವ. "ಬಾಕಿ ಎಲ್ಲ ಒಂದರ ಮ್ಯಾಲೊಂದ ಬಿದ್ದು ಸತ್ತಾವ. ಒಂದು ಹನಿ ನೀರ ಇಟ್ಟಿಲ್ಲ ಒಳಗ. ಒಂದು ಬುಟ್ಟಿ ಸೈತ ಇಲ್ಲ!"

"ನಿನ್ನೇನೇ ಸತ್ತಾವ ಅವು," ಅಂದಳು ಖಾಸಿಂಬೀ ಚಾಚಿ. "ಹುಳಾ ಬಿದ್ದಾವ ಮಲ್ಕಪ್ಪಣ್ಣಾ. ನಿನ್ನೇನೇ ಸತ್ತಾವ."

ಅಪ್ಪ ನೆಟ್ಟಗೆ ನಿಂತ. ಒಂದು ಮಾತು ಅವನ ತಲೆಯೊಳಗೆ ಇಳಿಯುವುದು ನನಗೆ ಕಾಣುತ್ತಿತ್ತು. ನಿನ್ನೆ ಸಂಜೆ ಸುಧನ್ವ ಚೆನ್ನಾಗಿವೆ ಅಂದಿದ್ದ. ಇವತ್ತು ಬೆಳಿಗ್ಗೆ ಹೇಳಿದರೆ ಬೀಗ ತೆಗೆಯುತ್ತೇವೆ ಅಂದಿದ್ದ. ಸತ್ತ ಕುರಿಗಳನ್ನು ಬೀಗದೊಳಗೆ ಇಟ್ಟುಕೊಂಡು ಅವನಿಂದ ಸುಳ್ಳು ಹೇಳಿಸಿದ್ದರು.

ಸುಧನ್ವ ಮೇಡಂ ಕಡೆ ತಿರುಗಿ, "ಯಾವುದೋ ರೋಗ ಇತ್ತು..." ಅಂದ. ಅಷ್ಟೇ ಅಂದದ್ದು.

ಅಪ್ಪ ಮೈಕಿನ ಕಬ್ಬಿಣದ ಕೋಲು ಕಿತ್ತುಕೊಂಡ. ಎರಡೂ ಕೈಯಿಂದ ಎತ್ತಿ ಅವನ ಮೊಣಕಾಲಿಗೆ ಹೊಡೆದ. ಎಲುಬು ಒಡೆದ ಸದ್ದು ಸ್ಪೀಕರಿನಲ್ಲಿ ಬಂತು. ಚೀರಿದ್ದೂ ಸ್ಪೀಕರಿನಲ್ಲೇ ಬಂತು. ಓಣಿಯ ಕೊನೆಯ ಮನೆಯವರೆಗೆ ಕೇಳಿತು. "ಹೇಳಲೇ, ನೀರ ಹಾಕೀಯಾ? ಹೇಳಲೇ ಭಾಡ್ಯಾ, ನೀರ ಹಾಕೀಯಾ?" ಅನ್ನುತ್ತ ಇನ್ನೊಂದು ಸಲ ಹೊಡೆದ. ಹಣೆಗೆ ಭಂಡಾರ ಹಚ್ಚಿದ ಕೈಯಿಂದಲೇ ಹೊಡೆದ. ನನಗೆ ಬಿಡಿಸಬೇಕು ಅನ್ನಿಸಲಿಲ್ಲ. ಇನ್ನೂ ಹೊಡಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ?

ಲಾಠಿ ಬಿದ್ದವು. ನನ್ನ ಬಲಗೈ ಮುರಿಯಿತು. ದೇವಕ್ಕ ತನ್ನ ಜಡೆ ಎಳೆದವನ ಕೈ ಕಚ್ಚಿ ಹಿಡಿದಳು, ಅವನು ಮುಖಕ್ಕೆ ಗುದ್ದಿದರೂ ಬಿಡಲಿಲ್ಲ. ಇದ್ದಬದ್ದ ಹೆಂಗಸರೆಲ್ಲ ಕಲ್ಲು ಎತ್ತಿಕೊಂಡರು. ಹೊಗೆಯ ಬೆಲೆಗಾಗಿ ಕಚ್ಚಾಡುತ್ತಿದ್ದ ಇಬ್ಬರೂ ವೇದಿಕೆಯ ಹಿಂದಿನಿಂದ ಜಿಗಿದು ಒಂದೇ ಜೀಪು ಹತ್ತಿದರು. ದಿಲ್ಲಿಯ ಮೇಡಂ ಕಾರಿನೊಳಗಿಂದ ನನಗೆ, "ನನ್ನ ಕೆಲಸ ಗಿಡ ಎಣಿಸುವುದು, ಅಷ್ಟೇ ಬೇಟಿ," ಅಂದಳು. ಗಾಜು ಏರಿಸಿಕೊಂಡಳು.

ಕಂಪನಿಯವರು ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ನನ್ನ ಮಾತು ಕತ್ತರಿಸಿದರು. ಅಪ್ಪ ಹೇಳಿದ್ದು ಉಳಿಯಿತು. ಸ್ಥಳೀಯರ ಒಪ್ಪಿಗೆ ಇದೆ ಎಂದು ವರದಿಯಾಯಿತು. ಗಿಡಗಳಿಗೆ ಬೆಲೆ ಬಂತು. ಅಪ್ಪನ ಮೇಲೆ ಕೊಲೆಯ ಯತ್ನದ ಕೇಸು ಬಿತ್ತು.

ಇಪ್ಪತ್ತು ದಿನದ ಮೇಲೆ ನಾನು ವಕೀಲರನ್ನು ಕರೆದುಕೊಂಡು ಯಾದಗಿರಿಗೆ, ಜೈಲಿಗೆ ಹೋದೆ. ಕೈಗೆ ಪ್ಲಾಸ್ಟರ್ ಇತ್ತು. ಜಾಲರಿಯ ಆಚೆ ಅಪ್ಪ ನಿಂತಿದ್ದ. ಅರ್ಧ ಇಳಿದು ಹೋಗಿದ್ದ. ಪ್ಲಾಸ್ಟರನ್ನೇ ನೋಡಿದ.

"ನಾ ಹೊಡದದ್ದು ನೋವು ಆಯ್ತೇನವ್ವಾ?" ಅಂದ.

"ಇಲ್ಲ ಯಪ್ಪಾ," ಅಂದೆ. ಅಳು ತಡೆಯಲಾಗಲಿಲ್ಲ.

ವಕೀಲರು ಕಾಗದ ತೆಗೆದರು. ಕಂಪನಿಯವರು ರಾಜಿಗೆ ಸಿದ್ಧ ಇದ್ದಾರೆ. ಕಾಗದದಲ್ಲಿ ಇದ್ದದ್ದು ಇಷ್ಟು: ಕುರಿಗಳು ರೋಗ ಬಂದು ಸತ್ತವು, ಕುಡಿದ ಅಮಲಿನಲ್ಲಿ ನಾನು ಹೊಡೆದೆ, ತಪ್ಪಾಯಿತು. ಇಷ್ಟಕ್ಕೆ ಹೆಬ್ಬೆಟ್ಟು ಒತ್ತಿದರೆ ಜಾಮೀನಿಗೆ ಅಡ್ಡ ಬರುವುದಿಲ್ಲ, ಮುಂದೆ ಕೇಸೂ ಸಡಿಲ ಮಾಡುತ್ತಾರೆ. ಒತ್ತದಿದ್ದರೆ ಏಳೆಂಟು ವರ್ಷ ಹೋಗಬಹುದು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಈ ಸಲ ಕೊನೆಯ ಸಾಲಿನವರೆಗೆ ಓದಿ ಹೇಳಿದೆ.

ಅಪ್ಪ ಜಾಲರಿಯ ಕೆಳಗಿನಿಂದ ಕಾಗದವನ್ನು ಒಳಗೆ ಎಳೆದುಕೊಂಡ.

"ಒಮ್ಮಿ ಸುಳ್ಳ ಹೇಳೇನಿ," ಅಂದ. "ಹೇಳೂ ಹೊತ್ತಿಗಿ ಅವು ಸತ್ತಿದ್ವು. ಈಗ ಯಾರ ಸಲುವಾಗಿ ಹೇಳ್ಲಿ?"

"ನಿನ್ನ ಸಲುವಾಗಿ ಯಪ್ಪಾ. ಹೊರಗ ಬರಬೇಕಲ್ಲ ನೀನು."

ಅವನು ಜಾಲರಿಗೆ ಹತ್ತಿರ ಬಂದ.

"ಉಳದ ಕುರಿ ಎಲ್ಲಿ ನೀರ ಕುಡೀತಾವ?"

"ನಮ್ಮ ಹೊಂಡದಾಗ."

"ಬೇಲಿ?"

"ಅವ್ವ ಕಡದಾಳ. ಅವ್ರು ಕಟ್ಟಿದ್ರು, ದೇವಕ್ಕ ಕಡದ್ಲು. ಮತ್ತ ಕಟ್ಟಿದ್ರು. ನಿನ್ನಿ ಇಪ್ಪತ್ತೆರಡು ಮನಿಯವ್ರೂ ಕೂಡಿ ಕಂಬ ಸಮೇತ ಕಿತ್ತೀವಿ. ಎಲ್ಲಾರ ಹಿಂಡೂ ಈಗ ಗಾಯರಾಣದಾಗೇ ತರುಬೀವಿ. ಪೊಲೀಸ್ರು ಬಂದು ನಿಂತಾರ."

ಅಪ್ಪ ವಕೀಲರ ಕಾಗದವನ್ನು ಜಾಲರಿಯ ಕೆಳಗಿನಿಂದ ಹೊರಗೆ ನೂಕಿದ. ಬಹಳ ದಿನದ ಮೇಲೆ ನೋವಿಲ್ಲದೆ ಉಸಿರು ಎಳೆದುಕೊಂಡ.

"ಹಂಗಾದ್ರ ನನಗೇನು ಅವಸರ ಇಲ್ಲ ಅಂತ ವಕೀಲರಿಗೆ ಹೇಳು," ಅಂದ.